ಸ್ಕೋಪನ್ನು ಎಷ್ಟು ಮೀಟರಿಗೆ ಝೀರೊ ಮಾಡಬೇಕು?

ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದ ಹೊಸದರಲ್ಲಿ ನನ್ನ .22 ರೈಫಲನ್ನು 100 ಮೀಟರಿಗೆ ಝೀರೊ ಮಾಡಿದ್ದೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಸ್ಕೋಪನ್ನು ಹೊಂದಿಸಿದ್ದೆ. ದೂರಕ್ಕೆ ಸರಿಯಿದ್ದರೆ ಹತ್ತಿರಕ್ಕೂ ಸರಿ ಇರುತ್ತೆ ಅಂತ ನಂಬಿದ್ದೆ. ಮುಂದಿನ ವಾರ 50 ಮೀಟರಿನಲ್ಲಿ ಹೊಡೆದರೆ ಗುಂಡುಗಳೆಲ್ಲ ಕಪ್ಪು ವೃತ್ತ ದಾಟಿ, ನಡುವಿನಿಂದ ಸುಮಾರು 12 ಸೆಂಟಿಮೀಟರ್ ಮೇಲೆ ಬಿದ್ದಿದ್ದವು. ರೈಫಲ್ ಕೆಟ್ಟಿರಲಿಲ್ಲ. ನಾನು ಆರಿಸಿದ ದೂರವೇ ತಪ್ಪಾಗಿತ್ತು.

ಯಾಕೆ ಹೀಗೆ? ಸ್ಕೋಪ್ ನಳಿಕೆಗಿಂತ ಸುಮಾರು 4 ಸೆಂಟಿಮೀಟರ್ ಮೇಲಿರುತ್ತದೆ. ನಮ್ಮ ನೋಟ ನೇರ ಹೋಗುತ್ತದೆ. ಗುಂಡು ಹೊರಟ ಕ್ಷಣದಿಂದಲೇ ಕೆಳಕ್ಕೆ ಎಳೆಸಿಕೊಳ್ಳುತ್ತದೆ. ಅದಕ್ಕೇ ನಳಿಕೆಯ ಬಾಯಿ ಚೂರು ಮೇಲಕ್ಕಿರಬೇಕು. ಹಾಗಾಗಿ ಗುಂಡು ನೋಟದ ಗೆರೆಯನ್ನು ಏರುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ ದಾಟುತ್ತದೆ. ಝೀರೊ ದೂರ ಅನ್ನುವುದು ಸಾಮಾನ್ಯವಾಗಿ ಆ ಎರಡನೇ ಜಾಗಕ್ಕೆ.

ಆದ್ದರಿಂದ ಎಷ್ಟು ದೂರಕ್ಕೆ ಹೊಡೆಯಬಲ್ಲೆ ಅಂತಲ್ಲ, ಯಾವ ದೂರಕ್ಕೆ ಜಾಸ್ತಿ ಹೊಡೆಯುತ್ತೇನೆ ಅಂತ ಕೇಳಿಕೊಳ್ಳಿ. ಸ್ಟ್ಯಾಂಡರ್ಡ್ ವೇಗದ .22 ಗುಂಡಿಗೆ ನಾನು 50 ಮೀಟರನ್ನೇ ಹೇಳುತ್ತೇನೆ. ಆಗ 10 ಮೀಟರಿನಲ್ಲಿ ಗುಂಡು ಒಂದು ಸೆಂಟಿಮೀಟರ್ ಕೆಳಗೆ, 25ರಲ್ಲಿ ಒಂದು ಸೆಂಟಿಮೀಟರ್ ಮೇಲೆ. ಇಷ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಕಿಲ್ಲ. 75ರಲ್ಲಿ ಎಂಟು ಸೆಂಟಿಮೀಟರ್ ಕೆಳಗೆ, 100ರಲ್ಲಿ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ. .22ಗೆಂದೇ ಮಾಡಿದ ಎಷ್ಟೋ ಸ್ಕೋಪ್‌ಗಳ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಯೂ ಸರಿದಂತೆ ಕಾಣುವುದು) ಕೂಡ 50 ಗಜದ ಸುಮಾರಿಗೇ ಹೊಂದಿಸಿರುತ್ತದೆ. ಆ ದೂರದಲ್ಲಿ ಕಣ್ಣು ಚೂರು ಸರಿದರೂ ಗುರಿ ಅಲುಗುವುದಿಲ್ಲ.

.308ನಂಥ ವೇಗದ ಗುಂಡಾದರೆ 100 ಮೀಟರ್ ಒಳ್ಳೆಯದು. ಅದರೊಳಗೆ ಗುಂಡು ನೋಟದ ಗೆರೆಗಿಂತ ಮೇಲೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ದೂರ ಹೋದಂತೆ ಟರೆಟನ್ನು (ಗುರಿ ಹೊಂದಿಸಲು ಸ್ಕೋಪಿನ ಮೇಲಿರುವ, ಕ್ಲಿಕ್ ಕ್ಲಿಕ್ ಎಂದು ತಿರುಗುವ ಗುಂಡಿ) ಒಂದೇ ದಿಕ್ಕಿಗೆ ತಿರುಗಿಸಿದರೆ ಸಾಕು.

ಝೀರೊ ಮಾಡುವುದು ರೇಂಜಿನಲ್ಲೇ, ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರಬೇಕು. ಗಾಳಿ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ. ರೈಫಲನ್ನು ಮರಳಿನ ಚೀಲದ ಮೇಲಿಟ್ಟು ಮೊದಲು 25 ಮೀಟರಿನಲ್ಲಿ ಕಾಗದಕ್ಕೆ ತಾಗಿಸಿ, ಆಮೇಲೆ 50ಕ್ಕೆ ಹೋಗಿ. ಒಂದು ಗುಂಡು ನೋಡಿ ಸುಮ್ನೆ ಕ್ಲಿಕ್ ತಿರುಗಿಸಬೇಡಿ. ಐದು ಹೊಡೆದು, ಆ ಗುಂಪಿನ ನಡುವಿನಿಂದ ಅಳೆಯಿರಿ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗ) ಸ್ಕೋಪಿನ ಒಂದು ಕ್ಲಿಕ್ 50 ಮೀಟರಿನಲ್ಲಿ ಸುಮಾರು 3.6 ಮಿಲಿಮೀಟರ್ ಸರಿಸುತ್ತದೆ. ಗುಂಪು 18 ಮಿಲಿಮೀಟರ್ ಕೆಳಗಿದ್ದರೆ ಐದು ಕ್ಲಿಕ್ ಮೇಲಕ್ಕೆ.

ಗುಂಡಿನ ಬ್ರ್ಯಾಂಡ್ ಬದಲಾದರೆ ಝೀರೊ ಕೂಡ ಬದಲಾಗುತ್ತದೆ, ಮತ್ತೆ ನೋಡಲೇಬೇಕು. ಕೊನೆಗೆ 25, 75, 100ರಲ್ಲಿ ಒಂದೊಂದು ಗುಂಪು ಹೊಡೆದು, ಬಂದ ಅಳತೆಯನ್ನು ಚೀಟಿಯಲ್ಲಿ ಬರೆದು ರೈಫಲಿನ ಹಿಡಿಗೆ ಅಂಟಿಸಿ. ಮೇಲೆ ನಾನು ಕೊಟ್ಟ ಅಂಕಿಗಳಿಗಿಂತ ನಿಮ್ಮ ಚೀಟಿಯನ್ನೇ ನಂಬಿ.