ಮೊನೆಯ ಸೂರ್ಯನನ್ನು ಕುಕ್ಕರಹಳ್ಳಿ ಕೆರೆಯಲ್ಲಿ ಬಿಡಿಸುವುದು ಹೇಗೆ

ಮೈಸೂರಲ್ಲಿ ಬಣ್ಣ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಕುಕ್ಕರಹಳ್ಳಿ ಕೆರೆಯ ಸೂರ್ಯೋದಯ ಬಿಡಿಸಲು ಕೂರುತ್ತಾರೆ. ಸೂರ್ಯ ಹೊಳೀಬೇಕಲ್ವಾ, ಅದಕ್ಕೆ ಹಳದಿಗೆ ಬಿಳಿ ಸುರಿಯುತ್ತಾರೆ. ನಾನೂ ಸುರಿದೆ. ತವಾ ಮೇಲೆ ಒಡೆದು ಹಾಕಿದ ಮೊಟ್ಟೆ ಥರ ಬಂತು.

ಇದಕ್ಕೆ ಮದ್ದು 1872ರ ಒಂದು ಚಿತ್ರದಲ್ಲಿದೆ. ಫ್ರಾನ್ಸಿನ ಲ ಹಾವ್ರ್ ಬಂದರು, ಮಂಜು ಮುಸುಕಿದ ಬೆಳಗು. ಹೋಟೆಲ್ ಕಿಟಕಿಯಿಂದ ಕಂಡಿದ್ದನ್ನು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ ಬಿಡಿಸಿದ. ಅವನು ಬೆಳೆದ ಊರೂ ಅದೇ. 48 ಸೆಂ.ಮೀ. ಎತ್ತರ, 63 ಸೆಂ.ಮೀ. ಅಗಲ, ಅಷ್ಟೇ. 1874ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಇಟ್ಟಾಗ ಹೆಸರು ಕೇಳಿದರಂತೆ. ಇದನ್ನು ಲ ಹಾವ್ರ್ ಅಂದರೆ ಯಾರೂ ನಂಬಲ್ಲ, ‘ಇಂಪ್ರೆಷನ್’ ಅಂತ ಹಾಕಿ ಅಂದ. ಲೂಯಿ ಲೆರುವಾ ಎಂಬ ವಿಮರ್ಶಕ, ಗೋಡೆಗೆ ಅಂಟಿಸುವ ಕಾಗದವೇ ಇದಕ್ಕಿಂತ ವಾಸಿ, ಚಿತ್ರ ಮುಗಿದೇ ಇಲ್ಲ ಎಂದು ಲೇವಡಿ ಮಾಡಿದ. ಮೊನೆಗೂ ಅವನ ಜೊತೆಗಾರ ಚಿತ್ರಕಾರರಿಗೂ ಇಂಪ್ರೆಷನಿಸ್ಟ್ ಅನ್ನುವ ಹೆಸರು ಗಟ್ಟಿಯಾಗಿ ಅಂಟಿಕೊಂಡಿದ್ದು ಆ ಲೇವಡಿಯಿಂದಲೇ.

ಈಗ ‘ಇಂಪ್ರೆಷನ್, ಸನ್‌ರೈಸ್’ ಎಂಬ ಆ ಚಿತ್ರವನ್ನು ಮೊಬೈಲಲ್ಲಿ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಸೂರ್ಯ ಹೆಚ್ಚುಕಡಿಮೆ ಮಾಯ! ಸುತ್ತಲಿನ ಬೂದು ಎಷ್ಟು ತಿಳಿಯೋ ಸೂರ್ಯನೂ ಅಷ್ಟೇ ತಿಳಿ, ಬಣ್ಣ ಮಾತ್ರ ಬೇರೆ. ನೀಲಿ-ಬೂದಿನ ನಡುವೆ ಕಿತ್ತಳೆ ಇರುವುದರಿಂದಲೇ ಅದು ಮಿಡಿದ ಹಾಗೆ ಕಾಣುತ್ತದೆ.

ಡಿಸೆಂಬರ್, ಜನವರಿಯಲ್ಲಿ ನೀರಿನ ಮೇಲೆ ಮಂಜು ಇರುವಾಗ ಹೋಗಿ. ಪಶ್ಚಿಮದ ದಂಡೆಯಲ್ಲಿ ಕೂತರೆ ಸೂರ್ಯ ಎದುರಿಗೆ ಬರುತ್ತಾನೆ. ಕೆಂಪಗೆ ಇರುವುದು ಕೆಲವೇ ನಿಮಿಷ, ಹಾಗಾಗಿ ಬೂದು ಮೊದಲೇ ತಯಾರಿರಲಿ. ಅಲ್ಟ್ರಾಮರೀನ್ ನೀಲಿ, ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಪು-ಕಂದು), ಬಿಳಿ. ಅಕ್ರಿಲಿಕ್ ಸಾಕು. ದೋಸೆ ಹಿಟ್ಟಿಗಿಂತ ತುಸು ನೀರಾಗಿ ಕಲಸಿ, ಆಕಾಶ, ನೀರು ಎರಡಕ್ಕೂ ಅದನ್ನೇ ಎಳೆಯಿರಿ, ಅಲ್ಲಲ್ಲಿ ಕ್ಯಾನ್ವಾಸ್ ಇಣುಕಿದರೂ ಪರವಾಗಿಲ್ಲ, ಮೊನೆಯದ್ದೂ ಹಾಗೇ ಇದೆ. ಆಚೆ ದಡದ ಮರಗಳಿಗೆ ಅದೇ ಬೂದನ್ನು ಚೂರು ಗಾಢ ಮಾಡಿ. ಎಲೆ ಬಿಡಿಸಲು ಹೋಗಬೇಡಿ. (ಹೆಸರು ಮೊನೆ ಆದರೂ ಇಲ್ಲಿ ಬ್ರಷ್ಷಿಗೆ ಚೂಪು ಮೊನೆ ಬೇಡ, ಚಪ್ಪಟೆಯದೇ ಸಾಕು.)

ಸೂರ್ಯನ ಬಣ್ಣವನ್ನು ನೇರವಾಗಿ ಹಚ್ಚಬೇಡಿ. ಒಂದು ಕಾಗದದ ಚೂರಿಗೆ ಕಿತ್ತಳೆ ಹಚ್ಚಿ, ಒಣಗಿಸಿ. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ, ಹಸಿಯಲ್ಲೇ ನೋಡಿದರೆ ಮೋಸ ಹೋಗುತ್ತೀರಿ. ಒಣಗಿದ ಬೂದಿನ ಮೇಲಿಟ್ಟು ಕಪ್ಪು-ಬಿಳುಪಲ್ಲಿ ಫೋಟೊ ತೆಗೆಯಿರಿ. ಕಾಗದ ಬೆಳ್ಳಗೆ ಎದ್ದು ಕಂಡರೆ ಕಿತ್ತಳೆಗೆ ಚೂರು ಕೆಂಪು ಬೆರೆಸಿ. ಕಪ್ಪಗೆ ಕಂಡರೆ ಬಿಳಿ, ಆದರೆ ಚಿಟಿಕೆಯಷ್ಟೇ, ಜಾಸ್ತಿಯಾದರೆ ಬಣ್ಣ ಸಪ್ಪೆ. ನನಗೆ ನಾಲ್ಕನೇ ಚೂರಿಗೆ ಸರಿಹೋಯಿತು. ಗುರುತೇ ಸಿಗದಂತೆ ಬೆರೆತುಹೋದಾಗ, ಆ ಬಣ್ಣವನ್ನು ಕ್ಯಾನ್ವಾಸಿಗೆ ಒಂದೇ ಸಲ ಒತ್ತಿ ಕೈ ತೆಗೆದುಬಿಡಿ.

ನೀರಿನಲ್ಲಿ ಅದೇ ಕಿತ್ತಳೆಯ ಅಡ್ಡ ಗೆರೆಗಳು, ಸೂರ್ಯನ ನೇರ ಕೆಳಗೆ, ಬಿಡಿಬಿಡಿಯಾಗಿ. ಮೊನೆ ಎದುರಿಗೆ ಒಂದು ಕಪ್ಪು ದೋಣಿ ಇಟ್ಟ. ನಮ್ಮ ಕೆರೆಯಲ್ಲಿ ಹೆಜ್ಜಾರ್ಲೆ ಹಕ್ಕಿ (ಪೆಲಿಕನ್) ಇದೆಯಲ್ಲ, ಎದುರು ಬೆಳಕಿಗೆ ಅದೂ ಕಪ್ಪಗೇ ಕಾಣುತ್ತದೆ. ಎರಡು ಏಟಲ್ಲಿ ಅದನ್ನು ಇಡಿ.

ವಾಕಿಂಗ್‌ಗೆ ಬಂದ ಯಾರಾದರೂ ಬಗ್ಗಿ ನೋಡಿ, ‘ಇನ್ನೂ ಮುಗಿದಿಲ್ವಾ?’ ಅಂತ ಕೇಳಿದರೆ, ಬ್ರಷ್ ತೊಳೆದು ಎದ್ದುಬಿಡಿ.