ಮ್ಯಾನೇಜ್‌ಮೆಂಟ್ ಕಣ್ಣಿಗೆ ಐಟಿ ಬಿದ್ದದ್ದು ಹೇಗೆ: ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ನನ್ನ ಅನುಭವ

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ನಾನು ಐಟಿ ವಿಭಾಗ ನೋಡಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಐಟಿ ಎಂದ ಕೂಡಲೇ ಜನರಿಗೆ ನೆನಪಾಗುವುದು ಸಾಫ್ಟ್‌ವೇರ್ ಕಂಪನಿ. ಅಲ್ಲಿ ಐಟಿಯೇ ಮಾರುವ ಸರಕು. ನಮ್ಮ ಸರಕು ಕಬ್ಬಿಣದ್ದು. ಪ್ರೆಸ್ ಶಾಪ್, ಟೂಲ್ ರೂಮ್, ಡಿಸ್ಪ್ಯಾಚ್ (ಮಾಲನ್ನು ಲಾರಿಗೆ ಹತ್ತಿಸಿ ಕಳಿಸುವ ವಿಭಾಗ) ದುಡ್ಡು ತರುವ ಜಾಗಗಳು. ಐಟಿ ದುಡ್ಡು ತಿನ್ನುವ ಜಾಗ. ಬಜೆಟ್ ಹಾಳೆಯಲ್ಲಿ ನಮ್ಮ ಸಾಲು ಕ್ಯಾಂಟೀನ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಜೊತೆಗೇ ಇರುತ್ತಿತ್ತು. ಖರ್ಚು ಕಡಿಮೆ ಮಾಡಬೇಕು ಎಂದಾಗ ಕತ್ತರಿ ಮೊದಲು ಬೀಳುತ್ತಿದ್ದದ್ದೂ ಅಲ್ಲೇ.

ಈ ಕೆಲಸದಲ್ಲಿರುವ ಗೆಳೆಯರು ಸೇರಿದಾಗಲೆಲ್ಲ ಒಂದೇ ದೂರು: 'ಮೇಲಿನವರಿಗೆ ಐಟಿ ಬೆಲೆ ಗೊತ್ತಿಲ್ಲ.' ಈ ಮಾತು ನನಗೆ ಒಪ್ಪಿಗೆಯಿಲ್ಲ. ಮಾಲೀಕರಿಗೆ ಲಾರಿ ಹೊರಡುವುದರ ಬೆಲೆ ಗೊತ್ತು. ಗ್ರಾಹಕರ ಅಸೆಂಬ್ಲಿ ಲೈನ್ ನಮ್ಮಿಂದ ನಿಂತರೆ ಬರುವ ಡೆಬಿಟ್ ನೋಟ್, ಅಂದರೆ ನಮ್ಮ ಬಿಲ್ಲಿನಿಂದ ಹಣ ಕಡಿಯುವ ಚೀಟಿ, ಗೊತ್ತು. ಆಡಿಟರ್ ಬರೆಯುವ ಒಂದು ಸಾಲಿನ ಬೆಲೆಯೂ ಗೊತ್ತು. ನಾವು ಮಾಡುವ ಕೆಲಸ ಈ ಮೂರರಲ್ಲಿ ಯಾವುದಕ್ಕೆ ತಾಗುತ್ತದೆ ಎಂದು ತೋರಿಸಬೇಕಾದವರು ನಾವೇ ಅಲ್ವಾ?

ನಮ್ಮ ಎಂಡಿ ಮಾಲೀಕರ ಮನೆಯ ಎರಡನೇ ತಲೆಮಾರು. ನೇರ ಮಾತು. ತಿಂಗಳ ಮೀಟಿಂಗ್‌ನಲ್ಲಿ ಒಮ್ಮೆ, "ನಿಮ್ಮ ಸರ್ವರ್ ವಿಷಯ ಆಮೇಲೆ ಹೇಳಿ ಕಣ್ರೀ, ನಾಳೆ ಹೊಸೂರು ಲಾರಿ ಹೋಗುತ್ತಾ ಇಲ್ವಾ, ಅದು ಹೇಳಿ" ಎಂದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಮುಂದಿನ ತಿಂಗಳ ವರದಿಯನ್ನು ನಾನು ಆ ಪ್ರಶ್ನೆಯಿಂದಲೇ ಶುರು ಮಾಡಿದೆ. ಸರ್ವರ್ ಎಷ್ಟು ಶೇಕಡಾ ಚಾಲೂ ಇತ್ತು, ಎಷ್ಟು ದೂರು ಬಂತು, ಎಷ್ಟು ಬಗೆಹರಿಯಿತು ಎಂಬುದೆಲ್ಲ ನಮ್ಮ ವಿಭಾಗದ ಒಳಗೇ ಉಳಿಯಿತು. ಮೇಲೆ ಹೋಗಿದ್ದು ಒಂದೇ ಪುಟ. ಸಿಸ್ಟಂ ಕಾರಣಕ್ಕೆ ಗೇಟಿನಲ್ಲಿ ನಿಂತ ಲಾರಿಗಳು, ತಡವಾದ ಇನ್‌ವಾಯ್ಸ್‌ಗಳು, ಲೇಬಲ್ ತಪ್ಪಿ ಗ್ರಾಹಕರಿಂದ ವಾಪಸ್ ಬಂದ ಮಾಲು. ಪ್ರತಿಯೊಂದರ ಮುಂದೆ ರೂಪಾಯಿ. ಆ ರೂಪಾಯಿ ಲೆಕ್ಕವನ್ನು ನಾನು ಹಾಕಲಿಲ್ಲ. ಡಿಸ್ಪ್ಯಾಚ್ ಮತ್ತು ಫೈನಾನ್ಸ್‌ನವರಿಂದಲೇ ಹಾಕಿಸಿದೆ. ಐಟಿಯವರು ಹೇಳುವ ಉಳಿತಾಯವನ್ನು ಯಾವ ಸಿಎಫ್‌ಒ (ಹಣಕಾಸು ಮುಖ್ಯಸ್ಥರು) ಕೂಡ ಸುಲಭವಾಗಿ ನಂಬುವುದಿಲ್ಲ. ತಮ್ಮ ವಿಭಾಗದವರೇ ಬರೆದು ಸಹಿ ಹಾಕಿದರೆ ನಂಬುತ್ತಾರೆ.

ದೊಡ್ಡ ಅವಕಾಶ ಬಂದದ್ದು ಇ-ಇನ್‌ವಾಯ್ಸ್ ಮೂಲಕ, ಅಂದರೆ ಮಾರಾಟದ ಬಿಲ್ಲನ್ನು ಜಿಎಸ್‌ಟಿಗಾಗಿ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ವ್ಯವಸ್ಥೆ. 2020ರ ಅಕ್ಟೋಬರ್ 1ರಿಂದ 500 ಕೋಟಿ ರೂಪಾಯಿ ಮೀರಿದ ವಹಿವಾಟಿನ ಕಂಪನಿಗಳಿಗೆ, 2021ರ ಜನವರಿ 1ರಿಂದ 100 ಕೋಟಿ ಮೀರಿದವರಿಗೆ ಅದು ಕಡ್ಡಾಯವಾಯಿತು. ನಾವು ಎರಡನೇ ಗುಂಪು. ಸರ್ಕಾರದ ಪೋರ್ಟಲ್‌ನಿಂದ ಐಆರ್‌ಎನ್ (ಆ ಇನ್‌ವಾಯ್ಸ್‌ನ ಗುರುತಿನ ನಂಬರು), ಕ್ಯೂಆರ್ ಕೋಡ್ ಬರದೆ ಇನ್‌ವಾಯ್ಸ್‌ಗೆ ಬೆಲೆ ಇಲ್ಲ. ಇನ್‌ವಾಯ್ಸ್ ಇಲ್ಲದೆ ಲಾರಿ ಗೇಟು ದಾಟುವ ಹಾಗಿಲ್ಲ. ಅಂದರೆ ಆವತ್ತಿನಿಂದ ಡಿಸ್ಪ್ಯಾಚ್ ನಿಜವಾಗಿ ನಮ್ಮ ಕೈಯಲ್ಲಿತ್ತು.

ಇದನ್ನು ಸಾಫ್ಟ್‌ವೇರ್ ಕೆಲಸ ಎಂದುಕೊಂಡವರು ತುಂಬ ಜನ. ನನ್ನ ಮಟ್ಟಿಗೆ ಅದು ಕಸ ಗುಡಿಸುವ ಕೆಲಸ. ಗ್ರಾಹಕರ ವಿಳಾಸದಲ್ಲಿ ಪಿನ್‌ಕೋಡ್ ಒಂದು ರಾಜ್ಯದ್ದು, ರಾಜ್ಯದ ಹೆಸರು ಇನ್ನೊಂದು. ರದ್ದಾದ ಜಿಎಸ್‌ಟಿ ನಂಬರುಗಳು. ಪಟ್ಟಿಯಲ್ಲೇ ಇಲ್ಲದ ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕನ್ನು ಗುರುತಿಸುವ ನಂಬರು). ಪೇಪರ್ ಇನ್‌ವಾಯ್ಸ್‌ನಲ್ಲಿ ಇವೆಲ್ಲ ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದವು. ಪೋರ್ಟಲ್ ಬಿಡುವುದಿಲ್ಲ. ದಸರಾಗೆ ಮುಂಚೆಯೇ ಶುರು ಮಾಡಿ, ಸ್ಟೋರ್ಸ್, ಸೇಲ್ಸ್, ಫೈನಾನ್ಸ್ ಮೂವರನ್ನೂ ಕೂರಿಸಿಕೊಂಡು ಒಂದೊಂದೇ ಸಾಲು ತಿದ್ದಿದೆವು. ಹಳೆಯ ಇನ್‌ವಾಯ್ಸ್‌ಗಳನ್ನು ಪೋರ್ಟಲ್‌ನ ಪರೀಕ್ಷಾ ಜಾಗಕ್ಕೆ ಕಳಿಸಿ, ತಿರಸ್ಕಾರ ಆದದ್ದನ್ನೆಲ್ಲ ಪಟ್ಟಿ ಮಾಡಿದೆವು. ಆ ಪಟ್ಟಿಯ ಉದ್ದ ಪ್ರತಿ ವಾರ ಎಂಡಿ ಮೇಜಿಗೆ ಹೋಗುತ್ತಿತ್ತು. ಅದು ಗಿಡ್ಡವಾಗುತ್ತಾ ಬಂದದ್ದನ್ನು ಅವರು ಕಣ್ಣಾರೆ ನೋಡಿದರು. ಜನವರಿಯಲ್ಲಿ ಲಾರಿಗಳು ಎಂದಿನಂತೆ ಹೊರಟವು.

ಇಲ್ಲಿ ಒಂದು ಮಾತು. ಐಟಿ ಕೆಲಸ ಸರಿಯಾಗಿ ಆದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದಕ್ಕೆ ಯಾರೂ ಶಹಭಾಸ್ ಅನ್ನುವುದಿಲ್ಲ. ವಾರವಾರದ ಆ ಪಟ್ಟಿಗಳು ಇಲ್ಲದಿದ್ದರೆ ಮೂರು ವಿಭಾಗಗಳ ಆ ದುಡಿಮೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಹಾಗಾಗಿ ಅಪಾಯ ಇರುವಾಗಲೇ ಅದನ್ನು ಕಾಣುವಂತೆ ಇಡಬೇಕು, ಮುಗಿದ ಮೇಲಲ್ಲ.

ಇನ್ನೊಂದು ವಿಷಯ ಬ್ಯಾಕಪ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮ ಬಜೆಟ್ ಮಾತು ಬದಲಾದದ್ದು ಇಲ್ಲೇ. 2020ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಎಚ್‌ಡಿಎಫ್‌ಸಿ ಬ್ಯಾಂಕ್‌ಗೆ ಹೊಸ ಕ್ರೆಡಿಟ್ ಕಾರ್ಡ್ ಕೊಡುವುದನ್ನು, ಹೊಸ ಡಿಜಿಟಲ್ ಸೇವೆ ಶುರು ಮಾಡುವುದನ್ನು ನಿಲ್ಲಿಸಲು ಹೇಳಿತ್ತು. ಕಾರಣ, ಮತ್ತೆ ಮತ್ತೆ ಸೇವೆ ಕೆಟ್ಟು ನಿಂತದ್ದು. ಆ ನಿರ್ಬಂಧ ಪೂರ್ತಿ ಹೋಗಿದ್ದು 2022ರ ಮಾರ್ಚ್‌ನಲ್ಲಿ. ನಮ್ಮ ಎಂಡಿ ಪೇಪರಿನಲ್ಲಿ ಓದಿ, "ಅಷ್ಟು ದೊಡ್ಡ ಬ್ಯಾಂಕಿಗೇ ಹೀಗಾದರೆ ನಮ್ಮ ಗತಿ ಏನ್ರೀ?" ಎಂದು ಕೇಳಿದರು. ನಾನು ಅವರಿಗೆ ಮೇರ್ಸ್ಕ್ ಕಥೆ ಹೇಳಿದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ವೈರಸ್ ಆ ಹಡಗು ಕಂಪನಿಯ ಕಂಪ್ಯೂಟರುಗಳನ್ನು ಹಾಳು ಮಾಡಿತು. ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನಲ್ಲಿ ಅವರು ನಡೆಸುವ ಟರ್ಮಿನಲ್ಲಿಗೂ ಪೆಟ್ಟು ಬಿತ್ತು. ಸುಮಾರು 4,000 ಸರ್ವರ್, 45,000 ಪಿಸಿಗಳನ್ನು ಮತ್ತೆ ಕಟ್ಟಬೇಕಾಯಿತು. ಇಡೀ ಜಾಲದ ಬಳಕೆದಾರರ ಮುಖ್ಯ ಪಟ್ಟಿಯ ಒಂದೇ ಒಂದು ಪ್ರತಿ ಉಳಿದದ್ದು ಘಾನಾದಲ್ಲಿ, ಅದೂ ಅಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿ ಸರ್ವರ್ ಜಾಲದಿಂದ ಹೊರಗಿದ್ದುದಕ್ಕೆ.

ಕಥೆ ಹೇಳಿ ಸುಮ್ನೆ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಒಂದು ಪ್ರಶ್ನೆ ಇಟ್ಟೆ: "ಸರ್, ನಮ್ಮ ಸಿಸ್ಟಂ ನಿಂತರೆ ಎಷ್ಟು ಗಂಟೆ ತಡೆಯಬಹುದು?" "ಒಂದು ನಿಮಿಷವೂ ಬೇಡ" ಎಂದರು. ಎಲ್ಲರೂ ಹಾಗೇ ಅನ್ನುತ್ತಾರೆ. ಆದ್ದರಿಂದ ವಿಭಾಗದವರನ್ನು ಬೇರೆ ಬೇರೆಯಾಗಿ ಕೇಳಿದೆ. ಡಿಸ್ಪ್ಯಾಚ್‌ನವರು ಎರಡು ಗಂಟೆ ಮೀರಿದರೆ ಕಷ್ಟ ಎಂದರು. ಫೈನಾನ್ಸ್‌ನವರು ತಿಂಗಳ ಕೊನೆ ಬಿಟ್ಟರೆ ಒಂದು ದಿನ ನಡೆಯುತ್ತದೆ ಎಂದರು. ಎಚ್‌ಆರ್‌ಗೆ ಸಂಬಳದ ವಾರ ಮಾತ್ರ ಮುಖ್ಯ. ಸಿಸ್ಟಂ ಅನ್ನು ಎರಡು ಗಂಟೆಯೊಳಗೆ ಮತ್ತೆ ಎಬ್ಬಿಸಲು ಆಗುವ ಖರ್ಚು, ಒಂದು ದಿನದೊಳಗೆ ಎಬ್ಬಿಸಲು ಆಗುವ ಖರ್ಚು ಪಕ್ಕಪಕ್ಕ ಬರೆದು ನಿರ್ದೇಶಕರ ಮುಂದೆ ಇಟ್ಟೆ. ಗಂಟೆ ಆರಿಸಿದವರು ಅವರು. ಇನ್‌ವಾಯ್ಸ್ ಮತ್ತು ಡಿಸ್ಪ್ಯಾಚ್‌ಗೆ ಬೇರೆ ಕಟ್ಟಡದಲ್ಲಿ ಇನ್ನೊಂದು ಸರ್ವರ್, ಉಳಿದದ್ದಕ್ಕೆ ಬ್ಯಾಕಪ್‌ನಿಂದ ಮರುದಿನ. ಆ ಸಲ ಬಜೆಟ್‌ನಲ್ಲಿ ಒಂದು ರೂಪಾಯಿಯೂ ಕಡಿತ ಆಗಲಿಲ್ಲ. ತಾವೇ ಒಪ್ಪಿದ ಗಂಟೆಗಳಿಗೆ ತಾವೇ ಹೇಗೆ ಕತ್ತರಿ ಹಾಕುತ್ತಾರೆ?

ಆಮೇಲೆ ಒಂದು ಭಾನುವಾರ ಮುಖ್ಯ ಸರ್ವರ್ ಸತ್ತಿದೆ ಎಂದುಕೊಂಡು ಎಲ್ಲವನ್ನೂ ಮತ್ತೆ ಎಬ್ಬಿಸಿ ತೋರಿಸಿದೆವು. ಎಂಡಿ ಬಂದು ಕೂತರು. ಸಿಎಫ್‌ಒ ಕೂಡ. ಡಿಸ್ಪ್ಯಾಚ್ ಸೂಪರ್‌ವೈಸರ್ ಸ್ಕ್ರೀನ್ ನೋಡಿ, "ಸರ್, ನಿನ್ನೆ ಸಂಜೆಯ ಕೊನೆಯ ಇನ್‌ವಾಯ್ಸ್ ಬಂತು" ಎಂದರು. "ಹಾಗಾದರೆ ಲೇಬಲ್ ತೆಗೀರಿ" ಎಂದರು ಎಂಡಿ. ಲೇಬಲ್ ಪ್ರಿಂಟರ್ ಅಲುಗಾಡಲಿಲ್ಲ. ಅದರ ಸೆಟ್ಟಿಂಗ್ ಇದ್ದದ್ದು ಶಾಪ್‌ಫ್ಲೋರಿನ ಒಂದು ಹಳೆಯ ಪಿಸಿಯಲ್ಲಿ. ಇಂಥದ್ದು ಹೊರಬರಲಿ ಎಂದೇ ಈ ತಾಲೀಮು. ಪ್ರತಿ ಸಲ ಏನಾದರೂ ಒಂದು ಸಿಗುತ್ತದೆ. ಈಗ ತಾಲೀಮಿನ ದಿನವನ್ನು ಎಂಡಿಯೇ ಗುರುತು ಹಾಕುತ್ತಾರೆ.

ಸಿಎಫ್‌ಒ ಮೇಡಂ ಅವರದ್ದು ಬೇರೆ ಚಿಂತೆ. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿದ ಕಲಂ 43ಬಿ(ಎಚ್) ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಆ ಖರ್ಚು ತೆರಿಗೆ ಲೆಕ್ಕಕ್ಕೆ ಸಿಗುವುದು ಹಣ ಕೊಟ್ಟ ವರ್ಷದಲ್ಲಿ ಮಾತ್ರ. 2023-24ರ ಲೆಕ್ಕದಿಂದ ಇದು ಬಂತು. ನಮಗೆ ಜಾಬ್ ವರ್ಕ್ (ನಮ್ಮ ಮಾಲಿನ ಮೇಲೆ ಹೊರಗೆ ಮಾಡಿಸುವ ಕೆಲಸ) ಮಾಡುವವರಲ್ಲಿ ಬಹಳಷ್ಟು ಜನ ಪೀಣ್ಯದ ಸಣ್ಣ ಶೆಡ್‌ಗಳವರು. ಯಾರ ಬಳಿ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಎಂಬ ಸರ್ಕಾರಿ ನೋಂದಣಿ) ಇದೆ, ಯಾರ ಬಿಲ್ಲಿಗೆ ಎಷ್ಟು ದಿನ ಉಳಿದಿದೆ ಎಂದು ಪ್ರತಿ ಸೋಮವಾರ ಬೆಳಗ್ಗೆ ಮೇಡಂ ಮೊಬೈಲಿಗೆ ಪಟ್ಟಿ ಹೋಗುವಂತೆ ಮಾಡಿದೆವು. ಚಿಕ್ಕ ಕೆಲಸ. ಆದರೆ ಶೆಡ್ಡಿನವರಿಗೆ ಹಣ ಹೊತ್ತಿಗೆ ಸರಿಯಾಗಿ ಸಿಗತೊಡಗಿತು. ಈ ಕೆಲಸದ ಬಗ್ಗೆ ನನಗೆ ತುಂಬ ಖುಷಿ ಇದೆ.

ಐಟಿ ಮುಖ್ಯಸ್ಥರು ಸಿಎಫ್‌ಒ ಕೆಳಗಿರಬೇಕೋ, ನೇರ ಎಂಡಿ ಕೆಳಗೋ ಎಂಬ ಚರ್ಚೆ ತುಂಬ ನಡೆಯುತ್ತದೆ. ನಾನು ಇಂದಿಗೂ ಫೈನಾನ್ಸ್ ಕೆಳಗೇ ಇದ್ದೇನೆ. ನನ್ನ ಪ್ರಕಾರ ನೋಡಬೇಕಾದದ್ದು ಬೇರೆ: ಕಂಪನಿ ದೊಡ್ಡ ಮಷಿನ್ ಕೊಳ್ಳುವ ಮಾತು ಆಡುವಾಗ ನಿಮ್ಮನ್ನು ಕರೆಯುತ್ತಾರಾ? ಮೊದಲೆಲ್ಲ ಮಷಿನ್ ಬಂದು ಕೂತ ಮೇಲೆ ಅದಕ್ಕೊಂದು ನೆಟ್‌ವರ್ಕ್ ಕೇಬಲ್ ಎಳೆಯಲು ಕರೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಮಾರಿದವರು ಅದರ ಡೇಟಾಕ್ಕೆ ಬೀಗ ಹಾಕಿ, ಓದಲು ಬೇರೆ ಲೈಸೆನ್ಸ್ ಕೊಳ್ಳಿ ಅನ್ನುತ್ತಿದ್ದರು. ಈಗ ಪ್ಲಾಂಟ್ ಹೆಡ್ ಕೊಟೇಶನ್ ತರಿಸುವಾಗಲೇ ನನಗೊಂದು ಪ್ರತಿ ಕಳಿಸುತ್ತಾರೆ. ಮಷಿನ್ನಿನ ಡೇಟಾ ನಮ್ಮದು, ಅದನ್ನು ಓದಲು ಬೇರೆ ದುಡ್ಡು ಕೇಳುವಂತಿಲ್ಲ, ದೂರದಿಂದ ರಿಪೇರಿಗೆ ಒಳಬರುವುದಿದ್ದರೆ ನಮ್ಮ ಅನುಮತಿ ಬೇಕು ಎಂದು ನಾನು ಬರೆದು ಕೊಡುತ್ತೇನೆ. ಆ ಸಾಲುಗಳು ಸೇರದೆ ಪರ್ಚೇಸ್ ಆರ್ಡರ್ ಹೊರಗೆ ಹೋಗುವುದಿಲ್ಲ.