ಕೊನೆಯ ಗುಟುಕಿನಿಂದ ಗಂಟೆ ಎಣಿಸಿ: ಕುಡಿತ ನಿಂತಾಗ ಬರುವ ಫಿಟ್ಸ್‌ಗೆ ಮನೆಯವರು ಮಾಡಬೇಕಾದ್ದು

ದಿನಾ ಕುಡಿಯುವ ಹುಡುಗನಿಗೆ ಫಿಟ್ಸ್ ಬಂದರೆ "ನಿನ್ನೆ ಜಾಸ್ತಿ ಕುಡ್ದಿದ್ದ, ಅದಕ್ಕೇ" ಎನ್ನುತ್ತಾರೆ. ಬಹಳ ಸಲ ನಿಜ ಅದಕ್ಕೆ ತಿರುವುಮುರುವು: ನಿನ್ನೆಯಿಂದ ಕುಡಿದಿಲ್ಲ, ಅದಕ್ಕೇ. ಅಯ್ಯಪ್ಪ ಮಾಲೆ ಹಾಕಿದ ಮಾರನೆಯ ದಿನ, ದುಗ್ಗಮ್ಮನ ಮುಂದೆ ಆಣೆ ಮಾಡಿ ಬಂದ ಮೇಲೆ, ಕಾಲು ಮುರಿದು ಆಸ್ಪತ್ರೆ ಸೇರಿದ ಎರಡನೆಯ ರಾತ್ರಿ, ಚುನಾವಣೆಗೆ ಅಂಗಡಿ ಮುಚ್ಚಿದಾಗ ಇದು ಬರುತ್ತದೆ. ಬಿಡುವ ಮನಸ್ಸು ಮಾಡಿದ್ದು ಒಳ್ಳೆಯದೇ. ಒಮ್ಮೆಗೇ, ಔಷಧಿಯಿಲ್ಲದೆ ಬಿಟ್ಟದ್ದು ಅಪಾಯ.

ಕಾರಣ ತಿಳಿದರೆ ಮುಂದಿನದು ಸುಲಭ. ಮಿದುಳಿನಲ್ಲಿ ತಣಿಸುವ ರಾಸಾಯನಿಕ ಒಂದು, ಗಾಬಾ. ಕೆರಳಿಸುವುದು ಇನ್ನೊಂದು, ಗ್ಲುಟಮೇಟ್. ಎರಡೂ ಹಗ್ಗ ಜಗ್ಗುತ್ತಿರುತ್ತವೆ. ಮದ್ಯ ತಣಿಸುವವರ ಕಡೆ ಸೇರಿ ಜಗ್ಗುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಮಿದುಳು ಸಮ ಮಾಡಲು ಕೆರಳಿಸುವ ಕಡೆಗೆ ಬಲ ತುಂಬುತ್ತದೆ. ಮದ್ಯ ಫಕ್ಕನೆ ಕೈಬಿಟ್ಟಿತು ಎನ್ನಿ, ಹಗ್ಗವೆಲ್ಲ ಆ ಕಡೆಗೇ. ಅದೇ ಕೈನಡುಕ, ಅದೇ ಫಿಟ್ಸ್.

ಎಷ್ಟು ಕುಡಿದರೆ ಈ ಭಯ? ಎಲ್ಲರಿಗೂ ಒಂದೇ ಗೆರೆ ಎಳೆಯಲಾಗದು. ಆದರೆ 180 ಮಿ.ಲೀ. ಕ್ವಾರ್ಟರ್‌ನಲ್ಲಿ, ಶೇ 42.8ರ ಲೆಕ್ಕದಲ್ಲಿ, ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 90ರ ಪ್ಯಾಕೆಟ್‌ನಲ್ಲಿ 30 ಗ್ರಾಂ. ಶೇ 8ರ 650 ಮಿ.ಲೀ. ಸ್ಟ್ರಾಂಗ್ ಬಿಯರ್‌ನಲ್ಲಿ 40 ಗ್ರಾಂ. "ಬರೀ ಬಿಯರ್" ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಲೆಕ್ಕಕ್ಕಿಂತ ಗಟ್ಟಿಯಾದ ಗುರುತು ಬೆಳಗಿನದು: ಎದ್ದ ಕೂಡಲೇ ಕೈ ನಡುಗಿ, ಬೆವರಿ, ಒಂದು ನೈಂಟಿ ಬಿದ್ದ ಮೇಲೆ ನಡುಕ ನಿಲ್ಲುವವನು ತಾನಾಗಿ ಬಿಡಬಾರದು. ಡಾಕ್ಟರನ್ನು ಕಾಣುವವರೆಗೆ ಒಮ್ಮೆಗೇ ನಿಲ್ಲಿಸುವುದೂ ಬೇಡ, ಹೆಚ್ಚಿಸುವುದೂ ಬೇಡ. ಕಾಣುವುದನ್ನು ಮಾತ್ರ ನಾಳೆ ನಾಡಿದ್ದು ಎಂದು ಮುಂದೂಡಬೇಡಿ.

ಗಡಿಯಾರದ ಲೆಕ್ಕ

ಕೊನೆಯ ಸಲ ಕುಡಿದ ಹೊತ್ತನ್ನು ಚೀಟಿಯಲ್ಲಿ ಬರೆದಿಡಿ. 6ರಿಂದ 12 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ಎದೆ ಹೊಡೆತ ಶುರುವಾಗುತ್ತವೆ, ನಿದ್ದೆ ಹತ್ತುವುದಿಲ್ಲ. ಫಿಟ್ಸ್ ಬರುವುದು 6ರಿಂದ 48 ಗಂಟೆಯ ನಡುವೆ. ಒಂದು ಬಂದು ಹೋದರೆ ಮುಗಿಯಿತೆಂದು ಎಣಿಸಬೇಡಿ, ಮುಂದಿನ ಕೆಲವೇ ಗಂಟೆಗಳಲ್ಲಿ ಮತ್ತೊಂದು ಬರುವುದು ಸಾಮಾನ್ಯ. ಹುಡುಗ ಎದ್ದು ಕೂತು ಚಹಾ ಕೇಳಿದರೂ ಆಸ್ಪತ್ರೆಗೆ ಹೋಗಲೇಬೇಕು.

ಇನ್ನೂ ಕೆಟ್ಟದ್ದು ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕಾದಿರುತ್ತದೆ. ಇಲ್ಲದ ಹುಳು ಕಾಣುತ್ತವೆ, ಗೋಡೆಯ ಜೊತೆ ಮಾತಾಡುತ್ತಾನೆ, ಹೊದಿಕೆ ಕೀಳುತ್ತಾನೆ, ತಾನೆಲ್ಲಿದ್ದೇನೆಂಬ ಅರಿವಿಲ್ಲ, ಮೈ ಕೆಂಡ, ನಾಡಿ ಓಡುತ್ತಿರುತ್ತದೆ. ಡಾಕ್ಟರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಹಳ್ಳಿಯಲ್ಲಿ "ಗಾಳಿ ಸೋಕೈತಿ" ಎಂದು ತಾಯತದವರ ಬಳಿ ಕರೆದೊಯ್ದು ಒಂದು ರಾತ್ರಿ ಕಳೆಯುತ್ತಾರೆ. ಆ ಒಂದು ರಾತ್ರಿಯಲ್ಲಿ ಜೀವ ಹೋಗಬಹುದು. ತಾಯತ ಆಮೇಲೆ ಕಟ್ಟಿಸಿ, ಮೊದಲು 108.

ಫಿಟ್ಸ್ ಬಂದ ಆ ಎರಡು ಮೂರು ನಿಮಿಷ

ಮೊದಲು ಗಡಿಯಾರ ನೋಡಿ. ತಲೆಯ ಕೆಳಗೆ ಟವೆಲ್ಲು ಮಡಿಚಿಡಿ, ಅಂಗಿಯ ಗುಂಡಿ ಸಡಿಲಿಸಿ, ಒಲೆ, ಮೆಟ್ಟಿಲು, ಗಾಜು ಹತ್ತಿರವಿದ್ದರೆ ಸರಿಸಿ. ಕೈಕಾಲು ಅದುರುವುದು ನಿಲ್ಲುತ್ತಿದ್ದಂತೆ ಎಡಮಗ್ಗುಲಿಗೆ ತಿರುಗಿಸಿ, ಮುಖ ತುಸು ನೆಲದತ್ತ. ಕುಡಿಯುವವರ ಹೊಟ್ಟೆಯಿಂದ ವಾಂತಿ ಬರುವುದು ಹೆಚ್ಚು, ಅಂಗಾತ ಮಲಗಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ, ಚಪ್ಪಲಿ ಮೂಸಿಸುವುದು ಯಾವುದರಿಂದಲೂ ಫಿಟ್ಸ್ ನಿಲ್ಲದು. ನಿಂತಂತೆ ಕಂಡರೆ ಅದು ತಾನಾಗಿ ನಿಲ್ಲುವ ಹೊತ್ತಾಗಿತ್ತು ಅಷ್ಟೆ. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿದು ಗಂಟಲಿಗೆ ಹೋಗಬಹುದು. ಪೂರ್ತಿ ಎಚ್ಚರವಾಗುವವರೆಗೆ ನೀರು, ಮಾತ್ರೆ ಯಾವುದೂ ಬಾಯಿಗೆ ಬೇಡ. "ಒಂದು ಗುಟುಕು ಕುಡಿಸಿದ್ರೆ ಸರಿಹೋಗ್ತಾನೆ" ಎಂಬ ಮಾತು ಆ ಹೊತ್ತಿನಲ್ಲಂತೂ ಕೊಲೆಗೆ ಸಮ.

5 ನಿಮಿಷ ದಾಟಿದರೂ ನಿಲ್ಲದಿದ್ದರೆ, ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಉಸಿರು ಸರಿಯಿಲ್ಲದಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಒಂದು ಕ್ಷಣವೂ ಕಾಯಬಾರದು. ಜಗಳೂರು, ಮೊಳಕಾಲ್ಮೂರಿನ ಒಳಹಳ್ಳಿಗಳವರು ಐದು ನಿಮಿಷ ನೋಡುವುದೂ ಬೇಡ, ಫಿಟ್ಸ್ ಶುರುವಾದಾಗಲೇ 108ಕ್ಕೆ ಮಾಡಿ. ದಾರಿಯೇ ಹೊತ್ತು ತಿನ್ನುತ್ತದೆ. ಒಬ್ಬರು ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಕೊಳ್ಳಲಿ. ಡಾಕ್ಟರಿಗೆ ನಿಮ್ಮ ಹತ್ತು ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಆಸ್ಪತ್ರೆಯಲ್ಲಿ ಮುಚ್ಚಿಡಬೇಡಿ

ದಾವಣಗೆರೆಯವರಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದವರಾದರೆ ಅಲ್ಲಿನ ಜಿಲ್ಲಾ ಆಸ್ಪತ್ರೆ, ಇಲ್ಲವೇ ಹತ್ತಿರದ ಮೆಡಿಕಲ್ ಕಾಲೇಜಿನ ತುರ್ತು ವಿಭಾಗ. ಮದುವೆಗಿರುವ ಹುಡುಗ ಎಂದು ಕುಡಿತವನ್ನು ಮುಚ್ಚಿಟ್ಟರೆ ಚಿಕಿತ್ಸೆಯೇ ತಪ್ಪುತ್ತದೆ. ದಿನಕ್ಕೆಷ್ಟು, ಎಷ್ಟು ವರ್ಷದಿಂದ, ಕೊನೆಗೆ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಬಂದಿತ್ತೇ, ಇತ್ತೀಚೆಗೆ ಬಿದ್ದಿದ್ದನೇ, ಜ್ವರವಿತ್ತೇ, ಎಲ್ಲವನ್ನೂ ಹೇಳಿ. ಮೈಕೈ ನೋವಿಗೆಂದು ಟ್ರಮಡಾಲ್ ನುಂಗುವ, ನಿದ್ದೆಗೆಂದು ಆಲ್ಪ್ರಜೋಲಾಂ ನುಂಗುವ ಅಭ್ಯಾಸವಿದ್ದರೆ ಅದನ್ನೂ. ಮೊದಲನೆಯದು ತಾನೇ ಫಿಟ್ಸ್ ತರಬಲ್ಲದು, ಎರಡನೆಯದನ್ನು ಒಮ್ಮೆಗೇ ನಿಲ್ಲಿಸಿದರೂ ಬರುತ್ತದೆ.

ಅಲ್ಲಿ ಲೊರಾಜೆಪಾಂ ಅಥವಾ ಡಯಾಜೆಪಾಂ ಕೊಡುತ್ತಾರೆ. ಮದ್ಯ ಬಿಟ್ಟುಹೋದ ಜಾಗದಲ್ಲಿ ನಿಂತು ಹಗ್ಗ ಹಿಡಿಯುವ ಔಷಧಿಗಳಿವು. ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಲಿವರ್ ನೋಡುತ್ತಾರೆ. ಇದರ ಜೊತೆಗೆ ಒಂದು ಮಾತನ್ನು ಮನೆಯವರೂ ನೆನಪಿಡಬೇಕು. ಸುಸ್ತೆಂದು ಊರಿನ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಬಾಟ್ಲಿ ಏರಿಸುವ ವಾಡಿಕೆ ನಮ್ಮಲ್ಲಿದೆ. ದಿನಾ ಕುಡಿದು ಊಟ ಬಿಟ್ಟವನ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬತ್ತಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಹೋದರೆ ಉಳಿದಷ್ಟೂ ಖರ್ಚಾಗಿ ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ನೆನಪು ಹೋಗುವುದು ಆಗಬಹುದು, ಕೆಲವರಲ್ಲಿ ಕಾಯಂ ಆಗಿ. "ಇವನು ದಿನಾ ಕುಡೀತಾನ್ರೀ, ಥಯಾಮಿನ್ ಇಂಜೆಕ್ಷನ್ ಕೊಟ್ಟೀರಾ?" ಎಂದು ಕೇಳಲು ಸಂಕೋಚ ಬೇಡ. ರಕ್ತದ ಸಕ್ಕರೆ ಬಿದ್ದಿದ್ದರೆ ಮಾತ್ರ ಗ್ಲೂಕೋಸ್ ತಡೆಯುವಂತಿಲ್ಲ, ಎರಡೂ ಜೊತೆಗೇ ಹೋಗಬೇಕು.

ಮೊದಲ ಫಿಟ್ಸ್ ಆಗಿದ್ದರೆ ತಲೆಯ ಸ್ಕ್ಯಾನ್ ತಪ್ಪಿಸಬೇಡಿ. ಕುಡಿದು ಬಿದ್ದವನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಟಿಬಿ ಗಡ್ಡೆ, ಲಾಡಿಹುಳುವಿನ ಮರಿ ಮಿದುಳಲ್ಲಿ ಕೂತಿರುವುದೂ ನಮ್ಮ ದೇಶದ ಯುವಕರಲ್ಲಿ ಫಿಟ್ಸ್‌ಗೆ ಕಾರಣ. ಹುಳುವಿನ ಮೊಟ್ಟೆ ತೊಳೆಯದ ಸೊಪ್ಪಿನಿಂದಲೂ ಬರುವುದರಿಂದ ಮಾಂಸ ತಿನ್ನದವರೂ ಹೊರತಲ್ಲ. ಕುಡಿಯುತ್ತಿರುವಾಗಲೇ ಬಂದ, ಬಿಟ್ಟು ಮೂರು ದಿನ ಕಳೆದ ಮೇಲೆ ಬಂದ, ಒಂದೇ ಕೈಕಾಲು ಎಳೆದ ಫಿಟ್ಸ್‌ನ ಲೆಕ್ಕವನ್ನು ಕುಡಿತಕ್ಕೇ ಬರೆದು ಸುಮ್ಮನಾಗಬಾರದು.

ಬಿಡಿಸುವ ದಾರಿ

ಹಿಂದೆ ಫಿಟ್ಸ್ ಅಥವಾ ಭ್ರಮೆ ಬಂದವರು ದಾಖಲಾಗಿಯೇ ಬಿಡಬೇಕು. ಉಳಿದವರಲ್ಲಿ ಕೆಲವರಿಗೆ ಡಾಕ್ಟರು ಮನೆಯಲ್ಲೇ 5ರಿಂದ 7 ದಿನ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತ ಕೊಡುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಂ. ಮಾತ್ರೆ ಹೆಂಡತಿ ಇಲ್ಲವೇ ಅವ್ವನ ಕೈಯಲ್ಲಿರಲಿ. ಮಾತ್ರೆಯ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು, ಹಾಗಾಗಿ ಕುಡಿದು ಬಂದ ದಿನ ಮಾತ್ರೆ ಕೊಡದೆ ಡಾಕ್ಟರಿಗೆ ಫೋನ್ ಮಾಡಿ. ಮದ್ಯವರ್ಜನ ಶಿಬಿರಕ್ಕೆ ಸೇರಿಸುವವರು ಮೊದಲೇ ಮನೋವೈದ್ಯರನ್ನು ಕಂಡು ಬರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅವರು ಕೂರುವ ದಿನ ಕೇಳಿಕೊಳ್ಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ, ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿ, ಮಾತ್ರೆ ಯಾವುದನ್ನೂ ತರಬೇಡಿ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಂ ಮಾತ್ರೆ ತಿಂದದ್ದು ತಿಳಿಯದೆ ಕುಡಿದವನ ಬಿಪಿ ಕುಸಿಯಬಹುದು, ಫಿಟ್ಸ್ ಬರಬಹುದು, ಸಾಯಲೂಬಹುದು.

ಮದ್ಯ ಬಿಟ್ಟಾಗ ಮಾತ್ರ ಬರುವ ಫಿಟ್ಸ್‌ಗೆ ಸಾಮಾನ್ಯವಾಗಿ ವರ್ಷಗಟ್ಟಲೆ ಮಾತ್ರೆ ಬೇಕಿಲ್ಲ. ಮೊದಲಿನಿಂದಲೇ ಮೂರ್ಛೆರೋಗವಿರುವವರ ಮಾತು ಬೇರೆ, ಅವರು ಕುಡಿದ ದಿನವೂ ತಮ್ಮ ಮೂರ್ಛೆರೋಗದ ಮಾತ್ರೆ ತಪ್ಪಿಸಬಾರದು. ಡಾಕ್ಟರು ಹೇಳುವವರೆಗೆ ಬೈಕ್, ಟ್ರ್ಯಾಕ್ಟರ್, ಚನ್ನಗಿರಿ ಕಡೆಯ ಅಡಿಕೆ ಮರ, ಮಿಲ್ಲಿನ ಬೆಲ್ಟು, ಭದ್ರಾ ಕಾಲುವೆಯ ಈಜು ಎಲ್ಲ ದೂರ.

ಮತ್ತೆ ಕುಡಿತಕ್ಕೆ ಬಿದ್ದರೆ ಬಯ್ಯುವ ಮೊದಲು ಒಂದು ತಿಳಿದಿರಲಿ: ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದಷ್ಟೂ ಮಿದುಳು ಹೆಚ್ಚು ಕೆರಳುತ್ತದೆ, ಮುಂದಿನ ಫಿಟ್ಸ್ ಇನ್ನೂ ಸುಲಭವಾಗಿ ಬರುತ್ತದೆ. ಮುಂದಿನ ಸಲ ಬಿಡುವಾಗ ಡಾಕ್ಟರಿಗೆ ಹೇಳುವ ಮೊದಲ ಮಾತು "ಹೋದ ಸಲ ಬಿಟ್ಟಾಗ ಫಿಟ್ಸ್ ಬಂದಿತ್ತು" ಎಂಬುದೇ ಆಗಿರಲಿ.